ಮಿಲ್ಟ್ರಿಯವರ ಮನೆಗೆ ನಮ್ಮ ಗುಡಿಯಿಂದ ಏನು ಮಾಡಬಹುದು?

ವರ್ಷಕ್ಕೆ ಎರಡು ಸಲ ನನಗೆ ಈ ಫೋನ್ ಬರುತ್ತದೆ. ಆಗಸ್ಟ್ ಮೊದಲ ವಾರ ಒಮ್ಮೆ, ಜಾತ್ರೆ ಇನ್ನೊಂದು ತಿಂಗಳಿದೆ ಅನ್ನುವಾಗ ಒಮ್ಮೆ. ಗುಡಿ ಕಮಿಟಿಯವರು ಮಾಡುತ್ತಾರೆ, ಮಠದ ಹುಡುಗರು ಮಾಡುತ್ತಾರೆ, ಒಂದು ಸಲ ಜಮಾತಿನ ಹಿರಿಯರೊಬ್ಬರು ಮಾಡಿದ್ದರು. ಪ್ರಶ್ನೆ ಒಂದೇ. "ಅಕ್ಕಾರ, ನಮ್ಮೂರಾಗ ಮಿಲ್ಟ್ರಿಯವರ ಮನಿ ಹತ್ತು-ಹನ್ನೆರಡು ಅದಾವ್ರಿ. ಅವರಿಗೆ ಏನರ ಮಾಡಬೇಕಂತೀವಿ. ಏನ್ ಮಾಡೂಣ್ರಿ?"

ನನ್ನನ್ನೇ ಕೇಳಲು ಕಾರಣ ಇದೆ. ನಮ್ಮ ಯಜಮಾನರು 17 ವರ್ಷ ಸೈನ್ಯದಲ್ಲಿದ್ದರು. ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಕೇಂದ್ರದಲ್ಲಿ ತರಬೇತಿ, ಆಮೇಲೆ ದೇಶದ ತುಂಬ ಪೋಸ್ಟಿಂಗ್. ಮದುವೆಯಾದ ಮೇಲೆ ನಾನು ಅವರ ಜೊತೆ ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಮೂರೇ ವರ್ಷ. ಉಳಿದಂತೆ ಬೈಲಹೊಂಗಲ ಕಡೆಯ ನಮ್ಮ ಹಳ್ಳಿಯಲ್ಲೇ, ಅತ್ತೆ, ಎರಡು ಮಕ್ಕಳು, ಮೂರೆಕರೆ ಹೊಲ ನೋಡಿಕೊಂಡು. ಮೈದುನ ಈಗಲೂ ಗಡಿಯಲ್ಲಿದ್ದಾನೆ.

ಫೋನ್ ಮಾಡುವವರು ಉತ್ತರವನ್ನೂ ತಾವೇ ತಂದಿರುತ್ತಾರೆ: ಶಾಲು, ಹಾರ, ಫಲಕ. ಬೇಡ ಅನ್ನಲ್ಲ. ಅತ್ತೆಗೆ ಖುಷಿಯಾಗುತ್ತದೆ. ನಮ್ಮ ಪಡಸಾಲೆಯಲ್ಲಿ ಅಂಥ ಆರು ಫಲಕ ಇವೆ, ಒಂದರ ಹಿಂದೆ ಗುಬ್ಬಿ ಗೂಡು ಕಟ್ಟಿದೆ. ಆದರೆ ನನ್ನನ್ನು ಕೇಳಿದರೆ, ಗುಡಿ ಮಾತ್ರ ಮಾಡಬಹುದಾದ ಕೆಲಸ ಬೇರೆಯೇ ಇದೆ. ತನ್ನ ಕಟ್ಟಳೆಗಳನ್ನು ಸ್ವಲ್ಪ ಸಡಿಲ ಮಾಡುವುದು. ಪಿಂಚಣಿ ಸರ್ಕಾರ ಕೊಡುತ್ತದೆ, ಕಡಿಮೆ ದರದ ಸಾಮಾನಿನ ಕ್ಯಾಂಟೀನ್ ಸೈನ್ಯ ಕೊಡುತ್ತದೆ. ಇದನ್ನು ಅವರ‍್ಯಾರೂ ಕೊಡಲಾರರು.

ನನ್ನ ಮಗನ ಜವಳದ ಕಥೆ ಹೇಳುತ್ತೇನೆ. ಮನೆದೇವರ ಗುಡಿಯಲ್ಲಿ ತಂದೆ ತಾಯಿ ಇಬ್ಬರೂ ಕೂತರೇ ಜವಳ, ಅದೂ ಇಂಥ ತಿಂಗಳು, ಇಂಥ ವಾರ ಅಂತ ಕಟ್ಟಳೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇರುತ್ತದೆ, ಖರೆ. ಯಾವಾಗ ಸಿಗುತ್ತದೆ ಅನ್ನುವುದು ಅವನ ಕೈಯಲ್ಲಿಲ್ಲ. ಎರಡು ಸಲ ಟಿಕೆಟ್ ಆಗಿ ಸೂಟಿ ರದ್ದಾಯಿತು. ಮಗನ ಕೂದಲು ಹೆಗಲಿಗೆ ಬಂತು, ಅಂಗನವಾಡಿಯಲ್ಲಿ ಮಕ್ಕಳು ಅವನಿಗೆ "ಏ ಹುಡುಗಿ" ಅನ್ನತೊಡಗಿದರು. ಕೊನೆಗೆ ಯಜಮಾನರು ಬಂದದ್ದು ಗುಡಿಯ ಲೆಕ್ಕದಲ್ಲಿ ಜವಳಕ್ಕೆ ಬಾರದ ದಿನ. ಕಮಿಟಿಯವರು ಆಗಲ್ಲ ಅಂದರು. ಮುದುಕ ಪೂಜಾರಿ ಮಾತ್ರ, "ಮಗ ಸೂಟಿಗೆ ಬಂದ ದಿನಾನ ಒಳ್ಳೇ ದಿನ ಅಂತ ತಿಳಕೊಳ್ಳೂಣ ಬಿಡವ್ವಾ" ಅಂದು ಕೀಲಿಕೈ ತಂದ. ಅವತ್ತಿನಿಂದ ಆ ಅಜ್ಜನ ಮೇಲೆ ನನಗೆ ಇರುವ ಪ್ರೀತಿ ಯಾವ ಫಲಕದ ಮೇಲೂ ಇಲ್ಲ.

ಸೈನ್ಯದೊಳಗೆ ಈ ಬುದ್ಧಿ ಮೊದಲಿಂದ ಇದೆ. ಪಂಡಿತರು, ಗ್ರಂಥಿ, ಮೌಲ್ವಿ, ಪಾದ್ರಿ ಅಂತ ಧರ್ಮಗುರುಗಳನ್ನೇ ಜೂನಿಯರ್ ಕಮಿಷನ್ಡ್ ಆಫೀಸರ್ ದರ್ಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಎಷ್ಟೋ ಕಡೆ ಸರ್ವಧರ್ಮ ಸ್ಥಳ ಅಂತ ಒಂದೇ ಸೂರಿನಡಿ ಎಲ್ಲ ದೇವರೂ ಇರುತ್ತಾರೆ. ಕ್ವಾರ್ಟರ್ಸ್‌ನಲ್ಲಿದ್ದಾಗ ನೋಡಿದ್ದೇನೆ, ಡ್ಯೂಟಿ ಮುಗಿಸಿ ತಡವಾಗಿ ಬಂದವರಿಗೆ ಆರತಿ ಮತ್ತೊಮ್ಮೆ ಆಗುತ್ತಿತ್ತು. ಜವಾನ ಅದನ್ನೆಲ್ಲ ನೋಡಿ ಊರಿಗೆ ಬಂದರೆ ಇಲ್ಲಿ ಪಂಚಾಂಗ ಹಿಡಿದು ಕೂತಿರುತ್ತೇವೆ. ಅಗ್ನಿವೀರರಿಗಂತೂ ವರ್ಷಕ್ಕೆ 30 ದಿನವೇ ರಜೆ. ಅವರ ತಾಯಂದಿರ ಹರಕೆ ಯಾವ ಮುಹೂರ್ತಕ್ಕೆ ಹೊಂದಬೇಕು ಹೇಳಿ?

ಇನ್ನು ಕಾಗದ. ಮಗು ಹುಟ್ಟಿದರೆ, ಮದುವೆಯಾದರೆ, ಯುನಿಟ್‌ನಲ್ಲಿ ಅದು ಪಾರ್ಟ್ ಟೂ ಆರ್ಡರ್ ಅನ್ನುವ ಸೈನ್ಯದ ದಾಖಲೆಯಲ್ಲಿ ಸೇರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಲ್ಲಿ ಇನ್ನೊಂದು ಹೆಸರು ಇದ್ದರೆ ಮುಂದೆ ಪಿಂಚಣಿಗೆ ತೊಡಕು. ಪಿಂಚಣಿ ಈಗ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ, ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಪ್ರಮಾಣ ಕೊಡಬೇಕು. ನಮ್ಮ ಊರಿನ ಒಬ್ಬ ಅಜ್ಜಿಗೆ ಇದು ಗೊತ್ತಾಗದೆ ಮೂರು ತಿಂಗಳು ಪಿಂಚಣಿ ನಿಂತಿತ್ತು. ಪ್ರತಿ ಸೋಮವಾರ ಗುಡಿಗೆ ಬರುತ್ತಿದ್ದಳು, ಮೊದಲ ಸಾಲಿನಲ್ಲೇ ಕೂರುತ್ತಿದ್ದಳು. ಯಾರೂ ಕೇಳಲಿಲ್ಲ. ಈಗ ನಮ್ಮ ಮಠದ ದಾಸೋಹದ ಕಟ್ಟೆ ಮೇಲೆ ಅಮಾವಾಸ್ಯೆ ದಿನ ನಿವೃತ್ತ ಹವಾಲ್ದಾರರೊಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಖರ್ಚು ಅಂದರೆ ಅವರ ಚಹಾದ್ದು, ಅಷ್ಟೇ. ಪಕ್ಕದ ಗೋಡೆ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಫೋನ್ ನಂಬರ್ ಬರೆಸಿದ್ದಾರೆ. ದಾನಿಗಳ ಹೆಸರು ಬರೆಯುವ ಗೋಡೆ ಅದು, ಒಂದು ನಂಬರಿಗೆ ಜಾಗ ಸಿಕ್ಕಿತು! ದುಡ್ಡೇ ಕೊಡಬೇಕು ಅನ್ನುವವರಿಗೂ ದಾರಿ ಇದೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ 1949ರಿಂದ ನಡೆದು ಬಂದಿದೆ, ಅದಕ್ಕೆ ಅದೇ ಕಚೇರಿಯಲ್ಲಿ ಕೊಟ್ಟು ರಸೀದಿ ತಗೊಳ್ಳಿ.

ನಿವೃತ್ತರ ವಿಷಯ ಬಂತಲ್ಲ, ಅವರನ್ನು ಸುಮ್ನೆ ಕುರ್ಚಿ ಮೇಲೆ ಕೂರಿಸಬೇಡಿ. 15 ವರ್ಷ ಸೇವೆ ಆದರೆ ಪಿಂಚಣಿ ಸಿಗುತ್ತದೆ, ಎಷ್ಟೋ ಜವಾನರು ನಲವತ್ತು ತುಂಬುವ ಮೊದಲೇ ಊರಿಗೆ ಬಂದುಬಿಡುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುವ ಗಂಡಸು, ಎದ್ದ ಮೇಲೆ ಮಾಡಲು ಏನೂ ಇಲ್ಲ. ಜಾತ್ರೆಯ ಗದ್ದಲ, ಪಾರ್ಕಿಂಗ್, ತೇರಿನ ಹಗ್ಗದ ಹತ್ತಿರದ ಜನ, ಇವನ್ನು ಅವರಿಗೆ ಒಪ್ಪಿಸಿ ನೋಡಿ.

2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು. ಮೈದುನನ ಫೋನ್ ಬಂದ್. ಟಿವಿಯಲ್ಲಿ ಒಂದೇ ಕೂಗಾಟ. ಮನೆಗೆ ಅರ್ಧ ತಾಸಿಗೊಬ್ಬರು ಬಂದು "ಫೋನ್ ಬಂತೇನವ್ವಾ?" ಅಂತ ಕೇಳುವರು. ಪ್ರೀತಿಯಿಂದಲೇ ಕೇಳುವರು. ಅತ್ತೆ ಪ್ರತಿ ಸಲ "ಇಲ್ಲ" ಅಂದು ಒಳಗೆ ಹೋಗಿ ಅಳುವರು. ಎರಡನೇ ದಿನ ಮಠದ ಅಜ್ಜಾರು ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ ರೊಟ್ಟಿ, ಪಲ್ಯ ಕಳಿಸಿದರು. ಏನೂ ಕೇಳಬೇಡಿ, ಸುದ್ದಿ ಇದ್ದರೆ ಅವರೇ ಹೇಳುತ್ತಾರೆ ಅಂತ ಹೇಳಿಯೇ ಕಳಿಸಿದ್ದರಂತೆ. ಅವರು ಬಂದು ಅತ್ತೆಯ ಜೊತೆ ಕೂತು ಅವರೆಕಾಯಿ ಸುಲಿದರು. ಅತ್ತೆ ಅವತ್ತು ಉಂಡರು. ಅದೇ ವಾರ ಇನ್ನೊಂದು ಗುಡಿಯವರು ಮೈದುನನ ಫೋಟೋ, ಯುನಿಟ್ ಹೆಸರು, ಅವನಿರುವ ಜಾಗ ಎಲ್ಲ ಹಾಕಿ ಫ್ಲೆಕ್ಸ್ ಮಾಡಿಸಿದ್ದರು. ಕೈ ಮುಗಿದು ತೆಗೆಸಿದೆವು. ಪೂಜೆ ಮಾಡಿಸಿ, ವಿಳಾಸ ಹಂಚಬೇಡಿ.

ಕೊನೆಗೆ, ಫೋನ್‌ನಲ್ಲಿ ಹೇಳಿದರೆ ಆ ಕಡೆ ಸದ್ದು ನಿಂತುಹೋಗುವ ಮಾತು. ನಮ್ಮ ಕಡೆ ಒಬ್ಬ ಅಕ್ಕನ ಗಂಡ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಆಗಸ್ಟ್ 15ಕ್ಕೆ ಆ ಅಕ್ಕನನ್ನು ವೇದಿಕೆಗೆ ಕರೆದು ವೀರನಾರಿ ಅಂತ ಚಪ್ಪಾಳೆ ಹೊಡೆದರು. ಮುಂದಿನ ತಿಂಗಳು ಅದೇ ಕಮಿಟಿಯ ಗುಡಿಯಲ್ಲಿ ಮುತ್ತೈದೆಯರಿಗೆ ಉಡಿ ತುಂಬುವಾಗ ಅವರು ಕಂಬದ ಹಿಂದೆ ನಿಂತಿದ್ದರು. ಶರಣರ ನಾಡು ಇದು, ಸೂತಕವನ್ನೇ ಒಪ್ಪದವರು ಓಡಾಡಿದ ನೆಲ. ಅಲ್ವಾ?

ನಾನು ಕಮಿಟಿಯ ಮುಂದೆ ಜಗಳವಾಡಿದೆ. ಕೆಲವು ಹೆಂಗಸರು ನನ್ನ ಜೊತೆ ನಿಂತರು, ಜಾಸ್ತಿ ಜನ ನಿಲ್ಲಲಿಲ್ಲ. ಮರುವರ್ಷ ಅವರ ಹೆಸರನ್ನೂ ಕರೆದರು. ಅಕ್ಕ ಬಂದಿರಲಿಲ್ಲ. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಕಟ್ಟಿ ನಾನೇ ಮನೆಗೆ ಒಯ್ದು ಕೊಟ್ಟೆ. ಅದನ್ನು ದೇವರ ಜಗಲಿ ಮೇಲೆ ಇಟ್ಟರು. ಹೋದ ವಾರ ಹೋದಾಗ ನೋಡಿದೆ, ಖಣ ಹೊಲಿಸಿಲ್ಲ. ಮಡಚಿದ್ದು ಮಡಚಿದಂತೆ ಅಲ್ಲೇ ಇದೆ.