ಮಲೆನಾಡಿನ ಮಳೆಯಲ್ಲಿ ಟೆಂಟ್: ನೀರು ಹೆಚ್ಚಾಗಿ ಬರುವುದು ಕೆಳಗಿನಿಂದ

ಆರಿದ್ರಾದಿಂದ ಆಶ್ಲೇಷದವರೆಗಿನ (ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ) ಮಳೆಯಲ್ಲಿ ಆಗುಂಬೆ, ಶೃಂಗೇರಿ, ಕಳಸದ ಕಡೆ ಟೆಂಟ್ ಹಾಕುವವರು ಹೊರಡುವ ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕುವಂತಿಲ್ಲ. ಹೋಂಸ್ಟೇಯವರನ್ನು ಕೇಳಿ, ಮನೆ ಹತ್ತಿರದ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ತುಸು ಇಳಿಜಾರಿರುವ ದಿಬ್ಬ ಹಿಡಿಯಿರಿ. ಅಡಿಕೆ ತೋಟ ಬೇಡ: ಮಳೆ ನಿಂತ ಮೇಲೂ ಮರ ಹನಿಯುತ್ತಲೇ ಇರುತ್ತದೆ, ಗಾಳಿಗೆ ಸೋಗೆ ಕಳಚಿ ಬೀಳುತ್ತದೆ. ಹಳ್ಳದ ದಂಡೆಯಂತೂ ಬೇಡವೇ ಬೇಡ; ಘಟ್ಟದ ಮೇಲೆ ಸುರಿದದ್ದು ಇಲ್ಲಿ ಮಳೆಯಿಲ್ಲದಾಗಲೂ ಏರಿ ಬರುತ್ತದೆ.

ಮೊದಲು ಕಟ್ಟಬೇಕಾದ್ದು ಟಾರ್ಪಾಲು, ಟೆಂಟ್ ಅಲ್ಲ. ಇಬ್ಬರ ಟೆಂಟಿಗೆ 3×4 ಮೀಟರಿನದು ಸಾಕು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಆ ಕಡೆಯ ಅಂಚು ತಗ್ಗಿಸಿ, ಟೆಂಟಿನ ಬಾಗಿಲು ಮೂಡಣಕ್ಕಿಡಿ. ಅಕ್ಟೋಬರಿನ ಚಿತ್ತೆ ಮಳೆಯ ಹೊತ್ತಿಗೆ ಹೋಗುವವರು ಈ ಲೆಕ್ಕ ನಂಬಬೇಡಿ, ಆಗಿನ ಸಂಜೆಯ ಗುಡುಗು ಮಳೆ ಎತ್ತಲಿಂದಲೂ ಬರುತ್ತದೆ. ಹಗ್ಗದ ಗುಂಟ ಇಳಿಯುವ ನೀರನ್ನು ತಡೆಯಲು ಟಾರ್ಪಾಲಿನಿಂದ ಒಂದು ಗೇಣು ಆಚೆ ಹಗ್ಗಕ್ಕೆ ತುಂಡು ದಾರ ಕಟ್ಟಿ ಇಳಿಬಿಡಿ; ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಹೆಚ್ಚಿನವರು ತಪ್ಪುವುದು ನೆಲಹಾಸಿನಲ್ಲಿ. ಟೆಂಟಿನ ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಎರಡು ಬೆರಳಗಲ ಹೊರಗಿದ್ದರೂ ಸಾಕು, ಹೊರಹೊದಿಕೆಯಿಂದ ಜಾರಿದ ನೀರನ್ನೆಲ್ಲ ಹಿಡಿದು ಟೆಂಟಿನ ಅಡಿಗೆ ತಂದು ನಿಲ್ಲಿಸುತ್ತದೆ. ಮೇಲೆ ಮಲಗಿದವರ ಭಾರಕ್ಕೆ ಆ ನೀರು ನೆಲದ ಬಟ್ಟೆಯಲ್ಲಿ ಜಿನುಗುತ್ತದೆ. ಹಾಳೆಯ ಅಂಚನ್ನು ಸುತ್ತಲೂ 5ರಿಂದ 8 ಸೆಂ.ಮೀ. ಒಳಕ್ಕೆ ಮಡಚಿ, ಮಡಿಕೆ ಕೆಳಮುಖವಾಗಿರಲಿ.

ನೈಲಾನ್ ಹೊದಿಕೆ ನೆನೆದರೆ ಸಡಿಲಾಗಿ ಜೋತು ಒಳಬಟ್ಟೆಗೆ ಅಂಟುತ್ತದೆ. ಆದ್ದರಿಂದ ಕಟ್ಟಿದ ಅರ್ಧ ಗಂಟೆಗೆ ಒಮ್ಮೆ, ಮಲಗುವ ಮುನ್ನ ಇನ್ನೊಮ್ಮೆ ಹಗ್ಗ ಬಿಗಿಯಿರಿ. ಟೆಂಟಿನ ಜೊತೆ ಬರುವ ತಂತಿ ಗೂಟ ನೆನೆದ ಮಣ್ಣಿನಲ್ಲಿ ನಿಲ್ಲದು. ಒಂದಡಿ ಉದ್ದದ ಬಿದಿರಿನ ಗೂಟವನ್ನು ಟೆಂಟಿನಿಂದ ಆಚೆಗೆ ವಾಲಿಸಿ ಹೊಡೆಯಿರಿ.

ಬೆಳಿಗ್ಗೆ ಒಳಗೋಡೆ ಒದ್ದೆಯಿದ್ದರೆ ಸೋರಿಕೆಯೆಂದು ಗಾಬರಿ ಬೇಡ, ಬಹಳ ಸಲ ಅದು ನಿಮ್ಮ ಉಸಿರಿನದೇ ಹನಿ. ಚಳಿಯೆಂದು ಗಾಳಿಕಿಂಡಿ ಮುಚ್ಚಬೇಡಿ. ಒದ್ದೆ ರೇನ್‌ಕೋಟು, ಬೂಟು ಹೊರಗೆ ಟಾರ್ಪಾಲಿನಡಿ ಇರಲಿ. ಇಂಬಳ (ಜಿಗಣೆ) ಒಳಗೆ ಬರುವುದೂ ಇವುಗಳ ಜೊತೆಗೇ. ಒಳಗೆ ಸ್ಟೌ ಹಚ್ಚಲೇಬೇಡಿ: ತೇವ ಹೆಚ್ಚುವುದು ಹಾಗಿರಲಿ, ಕಾರ್ಬನ್ ಮೊನಾಕ್ಸೈಡಿನಿಂದ ಜೀವಕ್ಕೇ ಅಪಾಯ.

ಬಿಚ್ಚುವಾಗ ಟೆಂಟ್ ಮೊದಲು, ಟಾರ್ಪಾಲು ಕೊನೆಗೆ. ಒದ್ದೆ ಹೊರಹೊದಿಕೆಗೆ ಬೇರೆಯೇ ಚೀಲವಿರಲಿ. ಮನೆಗೆ ಬಂದ ದಿನವೇ ನೆರಳಿನಲ್ಲಿ ಹರಡಿ, ಹೊಲಿಗೆಯೂ ಒಣಗುವವರೆಗೆ ಬಿಡಿ. ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಳಮೈಯ ಪಾಲಿಯುರಿಥೇನ್ ಲೇಪ ಕ್ರಮೇಣ ಅಂಟಂಟಾಗಿ ಕಳಚುತ್ತದೆ. ಲೇಪ ಹೋದ ಟೆಂಟ್ ಮತ್ತೆ ಮಳೆ ತಡೆಯುವುದಿಲ್ಲ.