ಮೂರು ವರ್ಷದೊಳಗಿನ ಮಕ್ಕಳನ್ನು ವಾಟರ್ ಪಾರ್ಕ್ ರೆಸಾರ್ಟಿಗೆ ಕರ್ಕೊಂಡು ಹೋಗೋ ಮುನ್ನ

ಒಂದೂವರೆಯಿಂದ ಮೂರು ವರ್ಷದ ಮಗುವಿನ ನೀರಾಟಕ್ಕೆ ಬೇಕಾಗೋದು ಇಷ್ಟೇ: ಮೊಣಕಾಲು ಮುಟ್ಟುವ ಬೆಚ್ಚಗಿನ ನೀರು, ತುಂಬಿ ಸುರಿಯೋಕೆ ಒಂದು ಪ್ಲಾಸ್ಟಿಕ್ ಮಗ್, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮನೆಯವರೊಬ್ಬರು. ದೊಡ್ಡ ಸ್ಲೈಡುಗಳಿಗೆ ಈ ಎತ್ತರದವರನ್ನು ಬಿಡೋದೇ ಇಲ್ಲ. ಹಾಗಾಗಿ ಎಷ್ಟು ರೈಡ್ ಇವೆ ಅಂತ ನೋಡಿ ಜಾಗ ಆರಿಸೋದು ದಂಡ. ನೀರು ಎಷ್ಟು ಬೆಚ್ಚಗಿದೆ, ಪೂಲಿನಿಂದ ರೂಮಿಗೆ ಎಷ್ಟು ದೂರ, ಮಧ್ಯಾಹ್ನ ಮಗು ಎಲ್ಲಿ ಮಲಗುತ್ತೆ ಅನ್ನೋದನ್ನು ಮೊದಲು ಕೇಳಿಕೊಳ್ಳಿ. ದುಡ್ಡು ಸುರಿಯೋದಿದ್ದರೆ ರೂಮಿಗೆ ಸುರಿಯಿರಿ.

ಯಾಕೆ ಅಂದರೆ ಗಡಿಯಾರ. ಪಾರ್ಕುಗಳು ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ ಬಾಗಿಲು ತೆಗೆಯುತ್ತವೆ, ನೀರಿನ ಆಟ ಶುರುವಾಗೋದು ಇನ್ನೂ ತಡ. ಮಗುವಿಗೆ ಹನ್ನೆರಡೂವರೆ, ಒಂದಕ್ಕೆಲ್ಲ ಕಣ್ಣು ಎಳೆಯುತ್ತೆ. ರೂಮಿನ ಚೆಕ್-ಇನ್ ಮಾತ್ರ ಹೆಚ್ಚಿನ ಕಡೆ ಎರಡು ಗಂಟೆಗೆ. ಅಂದರೆ ಬೆಳಗ್ಗೆ ಮನೆ ಬಿಟ್ಟು ಹೋದವರಿಗೆ, ಮಗು ನಿದ್ದೆಗೆ ಅಳೋ ಹೊತ್ತಲ್ಲೇ ಮಲಗಿಸೋಕೆ ಜಾಗ ಇರಲ್ಲ. ಇದಕ್ಕೆ ಒಳ್ಳೆ ದಾರಿ ಅಂದರೆ ಹಿಂದಿನ ದಿನ ಮಧ್ಯಾಹ್ನದ ನಿದ್ದೆ ಮನೆಯಲ್ಲೇ ಮುಗಿಸಿ, ನಾಲ್ಕು ಗಂಟೆಗೆ ಹೊರಟು ಸಂಜೆ ರೂಮು ಸೇರೋದು. ಮರುದಿನ ಬೆಳಗ್ಗೆ ರೆಸಾರ್ಟಿನ ಒಳಗಿನ ಪೂಲಲ್ಲಿ ಜನ ಸೇರೋ ಮುಂಚೆ ಒಂದು ಸುತ್ತು ಆಟ, ತಿಂಡಿ, ಆಮೇಲೆ ಬೇಕಿದ್ದರೆ ಪಾರ್ಕು. ಒಂದೇ ದಿನದಲ್ಲಿ ಮುಗಿಸಲೇಬೇಕು ಅಂದರೆ ಅರ್ಲಿ ಚೆಕ್-ಇನ್‌ಗೆ ಎಷ್ಟು ಹೆಚ್ಚು ಕೊಡಬೇಕು ಅಂತ ಬುಕ್ ಮಾಡೋವಾಗಲೇ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ವಾರದ ದಿನ ಖಾಲಿ ಇರುತ್ತೆ ಅನ್ನೋ ಲೆಕ್ಕ ನವೆಂಬರಿನಿಂದ ಜನವರಿವರೆಗೆ ನಡೆಯಲ್ಲ. ಅದು ಶಾಲಾ ಪ್ರವಾಸದ ಕಾಲ, ಮಂಗಳವಾರವೂ ಬಸ್ಸುಗಟ್ಟಲೆ ಮಕ್ಕಳು ಇಳಿಯುತ್ತಾರೆ.

ಬೆಂಗಳೂರಿನವರಿಗೆ ಮೊದಲು ನೆನಪಾಗೋದು ಬಿಡದಿಯ ವಂಡರ್‌ಲಾ ಪಾರ್ಕು. 2005ರಿಂದ ಇದೆ, ಪಕ್ಕದಲ್ಲೇ ಅವರದ್ದೇ ರೆಸಾರ್ಟ್ ಇದೆ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ: 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ. ಎರಡು ವರ್ಷದ ಮಗುವಿನ ಸರಾಸರಿ ಎತ್ತರ 86–87 ಸೆಂ.ಮೀ. ಇರೋದರಿಂದ, ಎರಡರ ಆಸುಪಾಸಿನವರಿದ್ದರೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ಹೋಗಿ. ಗೇಟಿನಲ್ಲಿ ವಾದ ಮಾಡೋದು ತಪ್ಪುತ್ತೆ.

ಕಾರಿನಲ್ಲಿ ಹೋಗೋರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಬೈಪಾಸ್ ಹತ್ತಿದರೆ ಬಿಡದಿ ಊರೇ ತಪ್ಪಿಹೋಗುತ್ತೆ, ಮುಂಚೆಯೇ ಸರ್ವೀಸ್ ರಸ್ತೆಗೆ ಇಳೀರಿ. ಕಾರಿಲ್ಲದವರು ಮೆಟ್ರೋದ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದವರೆಗೆ ಹೋಗಿ ಅಲ್ಲಿಂದ ಕ್ಯಾಬ್ ಹಿಡಿದರೆ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮಗುವನ್ನು ಸಮಾಧಾನ ಮಾಡೋ ಕೆಲಸ ಅರ್ಧ ಕಡಿಮೆ.

ಈಗ ನೀರಿನ ವಿಷಯ. 'ಇಂಡೋರ್' ಅಂದರೆ ಮೇಲೆ ಚಾವಣಿ ಇದೆ ಅಂತಷ್ಟೇ, ನೀರು ಕಾಯಿಸಿದ್ದಾರೆ ಅಂತಲ್ಲ. ಫೋನ್ ಮಾಡಿದರೆ "ಟೆಂಪರೇಚರ್ ಕಂಟ್ರೋಲ್ಡ್ ಪೂಲ್ ಸಾರ್" ಅಂತಾರೆ. ಅಲ್ಲಿಗೇ ಬಿಡಬೇಡಿ. "ಇವತ್ತು ಬೆಳಗ್ಗೆ ಎಷ್ಟು ಡಿಗ್ರಿ ಇತ್ತು, ಸ್ವಲ್ಪ ನೋಡಿ ಹೇಳ್ತೀರಾ?" ಅಂತ ಕೇಳಿ. 30ರಿಂದ 32 ಡಿಗ್ರಿ ಅಂದರೆ ಪುಟ್ಟ ಮಕ್ಕಳಿಗೆ ಸರಿ. 28 ಡಿಗ್ರಿ ದೊಡ್ಡವರಿಗೆ ಹಿತ, ಮಗು ಮಾತ್ರ ಕಾಲು ಗಂಟೆಯಲ್ಲಿ ನಡುಗುತ್ತೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈ ಚರ್ಮದ ಹರವು ನಮಗಿಂತ ಜಾಸ್ತಿ, ಹಾಗಾಗಿ ಶಾಖ ಬೇಗ ಸೋರಿಹೋಗುತ್ತೆ. ಕಾಯಿಸದ ಇಂಡೋರ್ ಪೂಲಿಗೆ ಬಿಸಿಲೂ ಬೀಳಲ್ಲ. ಏಪ್ರಿಲ್ ಮಧ್ಯಾಹ್ನ ಬಯಲಿನ ಪೂಲೇ ಅದಕ್ಕಿಂತ ಬೆಚ್ಚಗಿರಬಹುದು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗು 15–16 ಡಿಗ್ರಿಗೆ ಇಳಿಯೋವಾಗ ಡಿಗ್ರಿ ಹೇಳೋಕೆ ತಡಬಡಾಯಿಸೋ ರೆಸಾರ್ಟನ್ನು ಬಿಟ್ಟುಬಿಡಿ. ಬೇಸಿಗೆಯಲ್ಲಿ ಕೇಳಬೇಕಾದ್ದು ಬೇರೆ: ಪೂಲು ನಡೀತಿದೆಯಾ? 2024ರ ಮಾರ್ಚಿನಲ್ಲಿ ನೀರಿನ ಅಭಾವ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಗಳಿಗೆ ಬಳಸಬಾರದು ಅಂತ ಆದೇಶ ಹೊರಡಿಸಿತ್ತು.

ಒಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಘಾಟು ಹೊಡೆದರೆ "ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ" ಅಂದುಕೊಳ್ಳೋರೇ ಜಾಸ್ತಿ. ಆ ವಾಸನೆ ಶುದ್ಧ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗೋ ಕ್ಲೋರಮೈನ್‌ನದು. ಬಯಲಲ್ಲಿ ಅದು ಗಾಳಿಗೆ ಹಾರಿಹೋಗುತ್ತೆ, ಮುಚ್ಚಿದ ಹಾಲಿನಲ್ಲಿ ನೀರಿನ ಮೇಲೆಯೇ ನಿಲ್ಲುತ್ತೆ, ಅಂದರೆ ಸರಿಯಾಗಿ ಮಗುವಿನ ಮೂಗಿನ ಎತ್ತರದಲ್ಲಿ. ಕಣ್ಣು ಕೆಂಪಾಗೋದು, ಕೆಮ್ಮು ಬರೋದು ಇದರಿಂದಲೇ. ಉಬ್ಬಸ ಇರೋ ಮಗುವಾದರೆ ಘಾಟು ಹೊಡೆಯೋ ಪೂಲಿಗೆ ಇಳಿಸಲೇಬೇಡಿ. ಪೂಲ್ ಟೆಸ್ಟ್ ಸ್ಟ್ರಿಪ್ ಆನ್‌ಲೈನಲ್ಲಿ ಸಿಗುತ್ತೆ, ಅದ್ದಿ ತೆಗೆದು ಡಬ್ಬಿ ಮೇಲಿನ ಬಣ್ಣಕ್ಕೆ ಹೋಲಿಸಿದರಾಯಿತು. ಫ್ರೀ ಕ್ಲೋರಿನ್ (ಕೊಳೆ ಜೊತೆ ಸೇರದೆ ಉಳಿದ ಕ್ಲೋರಿನ್) 1ರಿಂದ 3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಒಂದರಿಂದ ಮೂರು ಭಾಗ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಇರಬೇಕು. ಪಿಎಚ್ ಯಾಕೆ ಮುಖ್ಯ ಅಂದರೆ, 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಮಾತ್ರ ರೋಗಾಣು ಕೊಲ್ಲೋ ರೂಪದಲ್ಲಿರುತ್ತೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತೆ. ಸ್ಟ್ರಿಪ್ ಎಲ್ಲ ಯಾರಿಗೆ ಬೇಕು ಅನ್ನೋರು ಇಷ್ಟಾದರೂ ನೋಡಿ: ತಳದ ಡ್ರೈನ್ ಜಾಲರಿ ದಡದಿಂದ ನಿಚ್ಚಳವಾಗಿ ಕಾಣಬೇಕು. ಮಸುಕಾಗಿದ್ದರೆ ವಾಪಸ್ ಬನ್ನಿ.

ಮನೆಯಲ್ಲಿ ಹಾಕೋ ಡೈಪರನ್ನು ನೀರಿಗೆ ಇಳಿಸಬೇಡಿ. ಅದರೊಳಗಿನ ಜೆಲ್ ಪೂಲಿನ ನೀರನ್ನೆಲ್ಲ ಹೀರಿ ಉಬ್ಬುತ್ತೆ, ಜಾರುತ್ತೆ, ಹರಿದರೆ ಜೆಲ್ ಉಂಡೆಗಳು ನೀರಲ್ಲಿ ತೇಲುತ್ತವೆ. ಸ್ವಿಮ್ ಡೈಪರೇ ಬೇಕು. ಅದು ಮೂತ್ರ ತಡೆಯಲ್ಲ, ಗಟ್ಟಿ ಮಲವನ್ನು ಮಾತ್ರ ಸ್ವಲ್ಪ ಹೊತ್ತು ಹಿಡಿದಿಡುತ್ತೆ. ಹಾಗಾಗಿ ರೂಮಿನಿಂದ ಪೂಲಿನವರೆಗೆ ಮಾಮೂಲಿ ಡೈಪರ್, ಬದಲಾಯಿಸೋದು ಪೂಲಿಗೆ ಇಳಿಯೋ ಮುಂಚೆ ಅಲ್ಲಿನ ವಾಶ್‌ರೂಮಿನಲ್ಲಿ. ಮೊದಲೇ ಹಾಕಿದರೆ ಎತ್ತಿಕೊಂಡವರ ಬಟ್ಟೆ ಒದ್ದೆ. ತೊಡೆಯ ಸುತ್ತ ಎಲಾಸ್ಟಿಕ್ ಬಿಗಿಯಾಗಿ ಕೂರಬೇಕು, ಒಂದು ಬೆರಳು ಕಷ್ಟಪಟ್ಟು ತೂರುವಷ್ಟು. ಉಡಿದಾರ ಇದ್ದರೆ ಡೈಪರಿನ ಸೊಂಟದ ಪಟ್ಟಿಯ ಮೇಲೆ ಬರಲಿ, ಒಳಗೆ ಸಿಕ್ಕಿಕೊಂಡರೆ ಒದ್ದೆ ದಾರ ಚರ್ಮ ಉಜ್ಜಿ ಕೆಂಪಾಗಿಸುತ್ತೆ. ಅರ್ಧ ಗಂಟೆಗೊಮ್ಮೆ ದಡಕ್ಕೆ ಕರೆತಂದು ಹಿಂದಿನಿಂದ ಪಟ್ಟಿ ಎಳೆದು ನೋಡಿ. ತೆಗೆಯೋವಾಗ ಚಡ್ಡಿಯಂತೆ ಕೆಳಗೆ ಎಳೀಬೇಡಿ, ಕಾಲೆಲ್ಲ ಬಳಿದುಹೋಗುತ್ತೆ. ಎರಡೂ ಪಕ್ಕದ ಹೊಲಿಗೆ ಹರಿದು ಮುಂದಿನಿಂದ ಮಡಚಿ ತೆಗೆಯಿರಿ. ಬದಲಾಯಿಸೋ ಜಾಗ ವಾಶ್‌ರೂಮು. ಪೂಲಿನ ಅಂಚಿನಲ್ಲಿ ಬದಲಾಯಿಸಿದರೆ ಚೆಲ್ಲಿದ್ದೆಲ್ಲ ಹರಿದು ನೀರಿಗೇ ಬರುತ್ತೆ. ಒಂದು ದಿನಕ್ಕೆ ನಾಲ್ಕು ಸ್ವಿಮ್ ಡೈಪರ್ ಸಾಕು.

ಬಟ್ಟೆ ನೈಲಾನ್ ಅಥವಾ ಲೈಕ್ರಾ ಇರಲಿ. ಹತ್ತಿ ಬಟ್ಟೆಗೆ ಬಿಡಲ್ಲ, ನೂಲಿನೆಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ, ಒದ್ದೆಯಾದರೆ ಭಾರವೂ ಆಗುತ್ತೆ. ಬಾಡಿಗೆ ಅಂಗಡಿಯಲ್ಲಿ ಈ ವಯಸ್ಸಿನ ಅಳತೆ ಸಿಗೋದು ಕಷ್ಟ, ಮನೆಯಿಂದಲೇ ಒಯ್ಯಿರಿ. ಮೇಲೊಂದು ಕೆಳಗೊಂದು ಇರೋ ಜೋಡಿ ತಗೊಳ್ಳಿ, ಪೂರ್ತಿ ಮೈಯ ಒಂದೇ ತುಂಡಿನದ್ದಾದರೆ ಡೈಪರ್ ನೋಡೋಕೆ ಪ್ರತಿಸಲ ಎಲ್ಲವನ್ನೂ ಸುಲಿಯಬೇಕು. ಬಣ್ಣ ಕಿತ್ತಳೆ ಅಥವಾ ಗಾಢ ಗುಲಾಬಿ. ತಿಳಿನೀಲಿ, ಬಿಳಿ ಬಟ್ಟೆಯ ಮಗು ನೀರಿನಡಿ ಕಣ್ಣಿಗೆ ಬೀಳಲ್ಲ. ಬೆಳ್ಳಿ ಗೆಜ್ಜೆ ಬಿಚ್ಚಿಡಿ: ಕ್ಲೋರಿನ್ನಿಗೆ ಕಪ್ಪಾಗುತ್ತೆ, ಜಾಲರಿಗೂ ಸಿಕ್ಕಿಕೊಳ್ಳಬಹುದು. ಇನ್ನೊಂದು ಮಾತನ್ನು ಅಜ್ಜಿಯಂದಿರಿಗೆ ಮೊದಲೇ ಹೇಳಿಬಿಡಿ. ಆ ದಿನ ಬೆಳಗ್ಗೆ ಎಣ್ಣೆ ಹಚ್ಚೋದು ಬೇಡ. ಎಣ್ಣೆ ಮೈಯ ಮಗು ನೀರಲ್ಲಿ ಮೀನಿನ ಹಾಗೆ ಕೈಯಿಂದ ಜಾರುತ್ತೆ. ರಾತ್ರಿ ಸ್ನಾನ ಆದಮೇಲೆ ಎಷ್ಟು ಬೇಕಾದರೂ ಕೊಬ್ಬರಿ ಎಣ್ಣೆ ಹಚ್ಚಲಿ, ಕ್ಲೋರಿನ್ನಿಗೆ ಒಣಗಿದ ಚರ್ಮಕ್ಕೆ ಒಳ್ಳೇದು.

ತೋಳಿಗೆ ಹಾಕೋ ಗಾಳಿ ಪಟ್ಟಿ, ಬಾತುಕೋಳಿ ಟ್ಯೂಬು ಆಟಿಕೆಗಳು, ರಕ್ಷಣೆಯ ಸಾಮಾನಲ್ಲ. ಪಟ್ಟಿ ಕಳಚಿಕೊಳ್ಳುತ್ತೆ, ಟ್ಯೂಬು ಮಗುಚಿದರೆ ತಲೆ ಕೆಳಗಾಗಿ ಕಾಲು ಮೇಲೆ ಸಿಕ್ಕಿಕೊಳ್ಳುತ್ತೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಮೊಣಕಾಲುದ್ದ ನೀರಲ್ಲಿ ಮುಗ್ಗರಿಸಿದರೂ ಮುಖ ಎತ್ತೋಕೆ ಆಗಲ್ಲ, ಸದ್ದೂ ಬರಲ್ಲ. ಕಿರುಚಾಟ, ಕೈ ಬಡಿಯೋದು ಸಿನಿಮಾದಲ್ಲಿ ಮಾತ್ರ. ಅಜ್ಜ, ಅತ್ತೆ, ಚಿಕ್ಕಪ್ಪ ಎಲ್ಲ ಇರೋ ದೊಡ್ಡ ಗುಂಪಿನಲ್ಲಿ ಅಪಾಯ ಹೆಚ್ಚು, ಕಡಿಮೆಯಲ್ಲ. "ನೀನು ನೋಡ್ತಿದೀಯ ಅಂದ್ಕೊಂಡೆ" ಅನ್ನೋ ಮಾತು ಹುಟ್ಟೋದೇ ಅಲ್ಲಿ. ಕಾಲು ಗಂಟೆಗೊಬ್ಬರಂತೆ ಪಾಳಿ ಹಾಕಿಕೊಳ್ಳಿ. ಪಾಳಿಯವರ ಕೈಯಲ್ಲಿ ಫೋನ್ ಇರಬಾರದು, ಮಗು ಕೈಯಳತೆ ಒಳಗಿರಬೇಕು, ಬದಲಾಗೋವಾಗ "ಈಗ ನಿನ್ನ ಪಾಳಿ" ಅಂತ ಬಾಯಿಬಿಟ್ಟು ಹೇಳಬೇಕು. ಇಬ್ಬರು ಪುಟಾಣಿಗಳಿದ್ದರೆ ನೀರಿನಲ್ಲಿ ಇಬ್ಬರು ದೊಡ್ಡವರು. ಒಬ್ಬರೇ ಇಬ್ಬರನ್ನು ನೋಡ್ಕೊಳ್ಳೋದು ಆಗದ ಮಾತು. ಮೇಲಿಂದ ದೊಡ್ಡ ಬಕೆಟ್ ಮಗುಚೋ ಜಾಗದಿಂದ ದೂರ ಇರಿ. ಆ ನೀರಿನ ರಭಸಕ್ಕೆ ಮಗು ಬಿದ್ದೇ ಬೀಳುತ್ತೆ, ಆಮೇಲೆ ದಿನವಿಡೀ ನೀರಿಗೆ ಇಳಿಯಲ್ಲ.

ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಮಗುವಿಗೆ ಆಟದ ಗುಂಗಲ್ಲಿ ಚಳಿ ಗೊತ್ತಾಗಲ್ಲ, ನಡುಕ ಬರಲಿ ಅಂತ ಕಾಯಬೇಡಿ. ತುಟಿಯ ಸುತ್ತ ನೀಲಿ ಛಾಯೆ ಕಂಡರೆ, ಎದೆ ಮುಟ್ಟಿದಾಗ ತಣ್ಣಗಿದ್ದರೆ, ಗಲಾಟೆ ಮಾಡ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ ನಿಮ್ಮನ್ನು ತಬ್ಬಿಕೊಂಡರೆ ಆಟ ಮುಗೀತು. ಚಳಿ ಹೆಚ್ಚು ಹೊಡೆಯೋದು ನೀರಲ್ಲಿದ್ದಾಗ ಅಲ್ಲ, ಅಲ್ಲಿಂದ ಎಸಿ ಹಾಕಿದ ಲಾಬಿ ದಾಟೋವಾಗ. ಒದ್ದೆ ಬಟ್ಟೆ ಪೂಲಿನ ಹಾಲಿನಲ್ಲೇ ಬಿಚ್ಚಿ, ತೆಳು ಹತ್ತಿ ಪಂಚೆಯಲ್ಲಿ ಮೊದಲು ತಲೆ, ಆಮೇಲೆ ಕತ್ತು, ಕಂಕುಳು, ತೊಡೆಸಂದಿ ಒತ್ತಿ ಒರೆಸಿ, ಅದರ ಮೇಲೆ ಟರ್ಕಿ ಟವೆಲ್ ಸುತ್ತಿ ಎತ್ತಿಕೊಂಡು ಹೋಗಿ. ಕಿವಿಗೆ ಬಡ್ಸ್ ಹಾಕಬೇಡಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ಹೊರಗಿನ ಕಿವಿ ಒರೆಸಿದರೆ ಸಾಕು.

ರೂಮಿಗೆ ಹೋದ ಕೂಡಲೇ ನೋಡಬೇಕಾದ್ದು ಬಾಲ್ಕನಿ ಬಾಗಿಲಿನ ಚಿಲಕ. ಪೂಲ್ ಕಡೆಗೆ ತೆರೆಯೋ ನೆಲಮಹಡಿ ರೂಮನ್ನು "ಚೆನ್ನಾಗಿದೆ, ಮಕ್ಕಳಿಗೆ ಹತ್ತಿರ" ಅಂತ ಕೊಡ್ತಾರೆ. ಮೇಲಿನ ಚಿಲಕ ಇಲ್ಲದಿದ್ದರೆ ಬೇಡ ಅನ್ನಿ. ದೊಡ್ಡವರು ಬ್ಯಾಗ್ ಬಿಚ್ಚೋ ಎರಡು ನಿಮಿಷದಲ್ಲಿ ಮಗು ನೀರು ಹುಡುಕಿಕೊಂಡು ಹೊರಟಿರುತ್ತೆ. ಬಕೆಟ್, ಮಗ್ ಕೇಳಿ ತರಿಸಿ. ಶವರ್ ಕಂಡರೆ ಚೀರೋ ಮಕ್ಕಳು ಬಹಳ. ಗೀಸರ್ ನೀರನ್ನು ನಿಮ್ಮ ಮುಂಗೈಗೆ ಹಾಕಿ ನೋಡಿಯೇ ಸ್ನಾನ ಮಾಡಿಸಿ, ರೆಸಾರ್ಟುಗಳಲ್ಲಿ ಅದು ಕುದಿಯೋ ಹಾಗೆ ಬರೋದುಂಟು.

ಊಟಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೊರಗಿನ ತಿಂಡಿ ಬಿಡದ ಕಡೆಯೂ ಮಗುವಿನ ಊಟ ಅಂದರೆ ಸಾಮಾನ್ಯವಾಗಿ ಬಿಡ್ತಾರೆ, ಫೋನಲ್ಲೇ ಕೇಳಿಟ್ಟುಕೊಳ್ಳಿ. ರಾಗಿ ಸರಿ ಪುಡಿ, ಒಂದು ಡಬ್ಬಿ ಮೊಸರನ್ನ ಇದ್ದರೆ ನಡೆಯುತ್ತೆ. ಬಿಡದಿಗೆ ಹೋದರೆ ತಟ್ಟೆ ಇಡ್ಲಿ ಇದ್ದೇ ಇದೆ, ಚಟ್ನಿ ಖಾರ, ಮಗುವಿಗೆ ಬೆಣ್ಣೆ ಹಚ್ಚಿಸಿಕೊಳ್ಳಿ. ಹೊಟ್ಟೆ ತುಂಬಾ ತಿನ್ನಿಸಿ ತಕ್ಷಣ ನೀರಿಗೆ ಬಿಟ್ಟರೆ, ಪೂಲಿನ ನೀರನ್ನೂ ಒಂದಿಷ್ಟು ಕುಡಿದು ಎಲ್ಲ ವಾಂತಿ ಮಾಡಿಕೊಳ್ಳುತ್ತೆ. ಮುಕ್ಕಾಲು ಗಂಟೆ ಬಿಡುವು ಕೊಡಿ.

ನೀರು ಕುಡಿದು ಕೆಮ್ಮಿದ ಮಗು ಕೆಲವೇ ನಿಮಿಷಗಳಲ್ಲಿ ಸರಿಹೋಗಬೇಕು. ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಹೊತ್ತಲ್ಲದ ಹೊತ್ತಲ್ಲಿ ಮಂಕಾದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಮಗುವಿಗೆ ಲೂಸ್ ಮೋಷನ್ ಇದ್ದರೆ ಬುಕಿಂಗ್ ದುಡ್ಡು ಹೋದರೂ ಹೋಗಬೇಡಿ. ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಸರಿಯಾದ ಪ್ರಮಾಣದ ಕ್ಲೋರಿನ್ ನೀರಲ್ಲೂ ವಾರಕ್ಕಿಂತ ಹೆಚ್ಚು ಬದುಕಿರುತ್ತೆ. ಒಂದು ಮಗುವಿನಿಂದ ಇಡೀ ಪೂಲಿಗೆ ಹರಡುತ್ತೆ. ಹೋಗಿ ಬಂದ ಒಂದೆರಡು ವಾರದಲ್ಲಿ ನೀರು ನೀರಾಗಿ ಭೇದಿ ಶುರುವಾದರೆ ಪೂಲಿಗೆ ಹೋಗಿದ್ದ ವಿಷಯ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಒಂದು ಲೀಟರಿನ ಒಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕಲಸಿ. ಪ್ರತಿ ಸಲ ಭೇದಿ ಆದಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಮೇಲ್ಪಟ್ಟವರಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಿ.