ಪತ್ರ ಬಾರದ ಭಾನುವಾರ

ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಆದರೆ ಭಾನುವಾರವೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಕಾಯಿಯ ರಾಶಿ ಬಿದ್ದಿರುತ್ತದೆ, ಜನ ಜಮಾಯಿಸಿರುತ್ತಾರೆ. ಅಂಥ ಒಂದು ಭಾನುವಾರ ಗಾಂಧಿ ಬಜಾರಿನಲ್ಲಿ ಅಮ್ಮನ ಜೊತೆ ಸೇವಂತಿಗೆ ಕೊಳ್ಳುತ್ತಿದ್ದಾಗ ಮೇಷ್ಟ್ರ ಕರೆ ಬಂತು. ಗಂಟೆ ಹತ್ತೂವರೆ.

“ಚಿತ್ರಗಳು ತೆರೆಯುತ್ತಿಲ್ಲ. ಫೈಲಿನ ಹೆಸರು ಕಾಣುತ್ತದೆ, ಒಳಗೆ ಏನೂ ಇಲ್ಲ.”

“ಎಷ್ಟು ಪುಟ?”

“ಎಂಟು ಗಂಟೆಯಿಂದ ಮಾಡಿದ್ದಷ್ಟೂ. ನಲವತ್ತಾರು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಮ್ಮನನ್ನು ಆಟೋ ಹತ್ತಿಸಿ, ಸ್ಕೂಟರನ್ನು ರಾಮಕೃಷ್ಣ ಆಶ್ರಮದ ಹತ್ತಿರ ನಿಲ್ಲಿಸಿ, ಜನರ ನಡುವೆ ದಾರಿ ಬಿಡಿಸಿಕೊಳ್ಳುತ್ತ ಚಾಮರಾಜಪೇಟೆಯ ಕಡೆಗೆ ನಡೆದೆ.

ಅಲ್ಲಿ ಒಂದು ಹಳೆಯ ಮನೆಯ ಮಹಡಿಯಲ್ಲಿ ನಾವು ಕೆಲವರು ಹಳೆಯ ಕನ್ನಡ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತೇವೆ. ಸಂಬಳವಿಲ್ಲ, ಭಾನುವಾರದ ಕೆಲಸ. ಮೇಷ್ಟ್ರು ನಿವೃತ್ತ ಕನ್ನಡ ಅಧ್ಯಾಪಕರು, ಪುಟ ತಿರುಗಿಸುವ ಹೊಣೆ ಅವರದು. ವಾರವಿಡೀ ಬೇರೆ ಕಡೆ ಸರ್ವರ್‌ಗಳನ್ನು ನೋಡಿಕೊಳ್ಳುವವನಾದ್ದರಿಂದ ಇಲ್ಲಿನ ಕಂಪ್ಯೂಟರ್ ನನ್ನ ಪಾಲಿಗೆ ಬಂದಿದೆ. ಆ ವಾರ ನಮ್ಮ ಕೈಯಲ್ಲಿದ್ದದ್ದು 1930ರ ದಶಕದ ಒಂದು ಸಂಪುಟ. ಅದನ್ನು ಎರವಲು ಕೊಟ್ಟ ಮನೆಯವರು ಹತ್ತು ದಿನದಲ್ಲಿ ಹಿಂತಿರುಗಿಸಬೇಕೆಂದು ಹೇಳಿದ್ದರು.

ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದು. ತಿರುಳಿನಲ್ಲಿ ಉಳಿದ ಲಿಗ್ನಿನ್ ಮತ್ತು ಆಮ್ಲ ಸೇರಿ ಕಾಗದವನ್ನು ಹಳದಿಯಾಗಿಸುತ್ತವೆ, ಒಳಗಿಂದಲೇ ಮುರುಕಲು ಮಾಡುತ್ತವೆ. ಹಪ್ಪಳವನ್ನು ಎತ್ತುವ ಹಾಗೆ ಎರಡೂ ಅಂಗೈಯಲ್ಲಿ ಪುಟವನ್ನು ಎತ್ತಬೇಕು. ಪ್ರತಿ ಸಲ ತಿರುಗಿಸಿದಾಗಲೂ ಅಂಚಿನಿಂದ ಒಂದಿಷ್ಟು ಪುಡಿ ಉದುರುತ್ತದೆ. ಒಂದು ಪುಟಕ್ಕೆ ಒಂದೇ ಸಲ ಸ್ಕ್ಯಾನ್ ಎನ್ನುವುದು ನಮ್ಮ ನಿಯಮ. ಆ ನಲವತ್ತಾರು ಪುಟಗಳನ್ನು ಈಗ ಎರಡನೆಯ ಸಲ ಗಾಜಿನ ಮೇಲೆ ಮಲಗಿಸಬೇಕಾಗಿತ್ತು.

ಒಳಗೆ ಹೋದಾಗ ಮೇಷ್ಟ್ರು ಸಂಪುಟದ ಮೇಲೆ ಬಿಳಿ ಬಟ್ಟೆ ಹೊದಿಸಿ ಕೂತಿದ್ದರು. ಪರದೆಯ ಮೇಲೆ ಪುಟದ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು, ಏಕೆಂದರೆ ಸ್ಕ್ಯಾನರ್ ತಂತ್ರಾಂಶ ತೋರಿಸುತ್ತಿದ್ದದ್ದು ಮೆಮೊರಿಯಲ್ಲಿದ್ದ ಪ್ರತಿಯನ್ನು. ಸರ್ವರಿನ ಹಂಚಿಕೆಯ ಫೋಲ್ಡರಿನಲ್ಲಿ ಸಾಲಾಗಿ ನಲವತ್ತಾರು ಹೆಸರುಗಳು, ಪ್ರತಿಯೊಂದರ ಎದುರಿಗೂ ಗಾತ್ರ 0. ಡಿಸ್ಕ್ ತುಂಬಿದಾಗ ಹೀಗಾಗುತ್ತದೆ. ಫೈಲಿನ ಒಡೆತನ, ತಾರೀಖು ಮೊದಲಾದ ವಿವರ ಬರೆಯುವ ಐನೋಡ್ ಎಂಬ ಖಾನೆಗಳನ್ನು ನಮ್ಮ ಡಿಸ್ಕಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಮೊದಲೇ ತೆಗೆದಿಟ್ಟಿರುತ್ತದೆ. ಹಾಗಾಗಿ ಹೊಸ ಫೈಲು ಹುಟ್ಟುತ್ತದೆ, ಅದರೊಳಗೆ ತುಂಬಬೇಕಾದದ್ದಕ್ಕೆ ಮಾತ್ರ ಜಾಗ ಸಿಗುವುದಿಲ್ಲ.

ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಆಜ್ಞೆ ಡಿಎಫ್. ಅದನ್ನು ಬೆರಳಚ್ಚಿಸಿದೆ. ನೂರಕ್ಕೆ ನೂರು.

ಡಿಎಫ್ ಮತ್ತು ಡಿಯು ಎರಡೂ ಹಳೆಯ ಆಜ್ಞೆಗಳು. 1971ರ ನವೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಹೊರತಂದ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲೇ ಇವೆರಡೂ ಇವೆ. ಡಿಎಫ್ ಫೈಲ್ ವ್ಯವಸ್ಥೆಯ ಲೆಕ್ಕದ ಪುಸ್ತಕವನ್ನು ನೋಡಿ ಒಂದು ಕ್ಷಣದಲ್ಲಿ ಉತ್ತರ ಹೇಳುತ್ತದೆ. ಡಿಯು ಮನೆ ಮನೆಗೆ ಹೋಗಿ ಎಣಿಸುವ ಜನಗಣತಿಯವರ ಹಾಗೆ ಪ್ರತಿ ಫೋಲ್ಡರಿಗೂ ಇಳಿದು ಕೂಡಿಸುತ್ತದೆ, ಸಮಯ ಹಿಡಿಯುತ್ತದೆ. ಅಂದು ಇಬ್ಬರ ಲೆಕ್ಕವೂ ಹೊಂದಲಿಲ್ಲ. ನಮ್ಮದು ಒಂದು ಟೆರಾಬೈಟಿನ ಡಿಸ್ಕ್. ಡಿಎಫ್‌ನ ಎಣಿಕೆಯಲ್ಲಿ ಅದು 916 ಜಿಬಿ. ಅದರಲ್ಲಿ ಶೇಕಡಾ 5ನ್ನು ಇಎಕ್ಸ್‌ಟಿ4 ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಿಗೆಂದು ಮೀಸಲಿಡುವುದರಿಂದ ಉಳಿದವರಿಗೆ ಸಿಗುವುದು ಸುಮಾರು 870. ಆ 870 ಪೂರ್ತಿ ಮುಗಿದಿದೆ ಎಂದು ಡಿಎಫ್ ಹೇಳುತ್ತಿದ್ದರೆ, ಡಿಯು ಕೂಡಿಸಿ ಕೊಟ್ಟದ್ದು 540 ಮಾತ್ರ. ಮುನ್ನೂರಕ್ಕೂ ಹೆಚ್ಚು ಜಿಬಿ ಎಲ್ಲಿಯೋ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಆಗ ಶುಕ್ರವಾರ ಸಂಜೆಯದು ನೆನಪಾಯಿತು. ಸ್ಕ್ಯಾನ್ ಆದ ಪುಟಗಳಿಂದ ಅಕ್ಷರ ಗುರುತಿಸಲು ನಾವು ಟೆಸರಾಕ್ಟ್ ಬಳಸುತ್ತೇವೆ. ಅದಕ್ಕೆ ಕನ್ನಡ ಬರುತ್ತದೆ. ಪುಟಗಳನ್ನು ಅದಕ್ಕೆ ಒಂದೊಂದಾಗಿ ಕೊಡುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಸಾಲು, ನಾನು ಬರೆದದ್ದು. ಒಂದು ಕೆಟ್ಟ ಚಿತ್ರದ ಬಳಿ ಅದು ಸಿಕ್ಕಿಕೊಂಡು, ಅದೇ ಪುಟವನ್ನು ಮತ್ತೆ ಮತ್ತೆ ಯತ್ನಿಸುತ್ತ, ಪ್ರತಿ ಸಲವೂ ದೋಷದ ಸಾಲುಗಳನ್ನು ಲಾಗ್ ಎಂಬ ದಾಖಲೆ ಫೈಲಿಗೆ ಬರೆಯುತ್ತಿತ್ತು. ಶುಕ್ರವಾರ ಆರು ಗಂಟೆಗೆ ಮನೆಯಿಂದ ನೋಡಿದಾಗ ಡಿಸ್ಕ್ ಶೇಕಡಾ 72, ಲಾಗ್ 90 ಜಿಬಿ. ಆರ್‌ಎಂ ಆಜ್ಞೆ ಕೊಟ್ಟು ಲಾಗನ್ನು ಅಳಿಸಿದೆ. ಅಳಿಸಿದ ಮೇಲೆ ಮತ್ತೊಮ್ಮೆ ಡಿಎಫ್ ನೋಡಲಿಲ್ಲ. ಕೆಲಸ ಮುಗಿಯಿತೆಂದುಕೊಂಡೆ.

ಆದರೆ ಆರ್‌ಎಂ ಅಳಿಸುವುದು ಫೈಲಿನ ಹೆಸರನ್ನು. ಯಾವುದಾದರೂ ಪ್ರಕ್ರಿಯೆ, ಅಂದರೆ ಓಡುತ್ತಿರುವ ಪ್ರೋಗ್ರಾಂ, ಆ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಕೈಬಿಡುವ ತನಕ ಜಾಗ ಹಿಂದಿರುಗುವುದಿಲ್ಲ. ಹೆಸರಿಲ್ಲದ ಆ ಫೈಲಿಗೆ ನನ್ನ ಸ್ಕ್ರಿಪ್ಟ್ ಶನಿವಾರವಿಡೀ ಬರೆಯುತ್ತಲೇ ಇತ್ತು. ಹೆಸರಿಲ್ಲದ್ದನ್ನು ಡಿಯು ಎಣಿಸಲಾರದು, ಡಿಎಫ್ ಎಣಿಸುತ್ತದೆ. ತೆರೆದಿರುವ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಆಜ್ಞೆಗೆ ಹೆಸರು ಕಳೆದುಕೊಂಡ ಫೈಲುಗಳನ್ನಷ್ಟೇ ತೋರಿಸೆಂದು ಕೇಳಿದೆ. ಒಂದೇ ಸಾಲು ಬಂತು. ಗಾತ್ರದ ಜಾಗದಲ್ಲಿ ಹನ್ನೆರಡು ಅಂಕಿಗಳ ಸಂಖ್ಯೆ, ಸಾಲಿನ ಕೊನೆಯಲ್ಲಿ ಅಳಿಸಲಾಗಿದೆ ಎಂಬ ಗುರುತು. ಆ ಪ್ರಕ್ರಿಯೆಯನ್ನು ನಿಲ್ಲಿಸಿದೆ. ಮತ್ತೆ ಡಿಎಫ್ ನೋಡಿದಾಗ ನೂರಿದ್ದದ್ದು 62ಕ್ಕೆ ಇಳಿದಿತ್ತು.

ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಬಹಳ ಹೊತ್ತು ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಡಿಸ್ಕ್ ಶೇಕಡಾ 90 ದಾಟಿದರೆ ಬೆಳಗ್ಗೆ ಆರಕ್ಕೆ ಇಮೇಲ್ ಕಳಿಸುವ ಸ್ಕ್ರಿಪ್ಟ್ ಎರಡು ವರ್ಷದಿಂದ ಅದೇ ಯಂತ್ರದಲ್ಲಿತ್ತು. ಭಾನುವಾರ ಆರಕ್ಕೆ ಡಿಸ್ಕ್ ಪೂರ್ತಿ ತುಂಬಿತ್ತು. ಪತ್ರ ಏಕೆ ಬರಲಿಲ್ಲ?

ಹನ್ನೊಂದು ಸಾಲಿನ ಆ ಸ್ಕ್ರಿಪ್ಟನ್ನು ತೆರೆದು ಓದಿದೆ. ಅದು ಮೊದಲು ವರದಿಯನ್ನು ತಾತ್ಕಾಲಿಕ ಫೋಲ್ಡರಿನ ಒಂದು ಫೈಲಿಗೆ ಬರೆಯುತ್ತಿತ್ತು. ಆಮೇಲೆ, ಫೈಲಿನಲ್ಲಿ ಏನಾದರೂ ಇದ್ದರೆ ಮಾತ್ರ ಅದನ್ನು ಇಮೇಲ್ ಮಾಡುತ್ತಿತ್ತು. ತಾತ್ಕಾಲಿಕ ಫೋಲ್ಡರ್ ಇದ್ದದ್ದು ಅದೇ ಡಿಸ್ಕಿನ ಮೇಲೆ. ಸ್ಕ್ರಿಪ್ಟ್ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಓಡುತ್ತಿದ್ದುದರಿಂದ ರೂಟ್‌ಗೆ ಮೀಸಲಾದ ಜಾಗವೂ ಅದಕ್ಕೆ ಸಿಗಲಿಲ್ಲ. ಡಿಸ್ಕ್ ತುಂಬಿದೆ ಎಂಬ ಮಾತನ್ನು ಬರೆಯಲು ಡಿಸ್ಕಿನಲ್ಲಿ ಜಾಗವಿರಲಿಲ್ಲ. ವರದಿ ಖಾಲಿಯಾಯಿತು, ಖಾಲಿಯಾದ್ದರಿಂದ ಹೊರಡಲಿಲ್ಲ. ಮೇಷ್ಟ್ರು ಪುಟ ಎತ್ತಿ ಎತ್ತಿ ಇಡುತ್ತಿದ್ದಾಗ ಸೊನ್ನೆ ಬೈಟಿನ ನಲವತ್ತಾರು ಫೈಲುಗಳಿಗೆ ಜೊತೆಯಾಗಿ ಅಲ್ಲೇ ನನ್ನದೊಂದು ಸೊನ್ನೆ ಬೈಟಿನ ವರದಿಯೂ ಇತ್ತು.

ಶನಿವಾರ ಬೆಳಗ್ಗೆಯ ಲೆಕ್ಕವನ್ನೂ ಹಾಕಿ ನೋಡಿದೆ. ಲಾಗ್ ಬೆಳೆಯುತ್ತಿದ್ದದ್ದು ಗಂಟೆಗೆ 8 ಜಿಬಿಗಿಂತ ಸ್ವಲ್ಪ ಹೆಚ್ಚು. ಆ ಬೆಳಗ್ಗೆ ಆರಕ್ಕೆ ಡಿಸ್ಕ್ 83ರ ಆಸುಪಾಸಿನಲ್ಲಿ ಇದ್ದಿರಬೇಕು, ಅಂದರೆ 90ರ ಗಡಿಯ ಕೆಳಗೆ. ಅಂದೂ ಸ್ಕ್ರಿಪ್ಟ್ ಸುಮ್ಮನಿತ್ತು. ಶನಿವಾರದ ಮೌನಕ್ಕೆ ಅರ್ಥ ಜಾಗವಿದೆ ಎಂದು; ಭಾನುವಾರದ ಮೌನಕ್ಕೆ ಅರ್ಥ ಉಸಿರೇ ಇಲ್ಲ ಎಂದು. ನನ್ನ ಮೊಬೈಲಿನಲ್ಲಿ ಎರಡೂ ಒಂದೇ ಥರ ಕಂಡವು. ಎರಡು ವರ್ಷ ನಾನು ಅದನ್ನು ನೆಮ್ಮದಿ ಎಂದು ಓದಿದ್ದೆ.

ಮಧ್ಯಾಹ್ನ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆವು. ಪ್ರತಿ ಪುಟವಾದ ಮೇಲೂ ಸರ್ವರಿನಲ್ಲಿ ಗಾತ್ರ ಓದಿ ಗಟ್ಟಿಯಾಗಿ ಹೇಳುವುದು ನನ್ನ ಕೆಲಸ. ಎ4 ಅಳತೆಯ ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ತೆಗೆದರೆ ಸಂಕುಚಿಸದ ಟಿಫ್ ಚಿತ್ರ ಸುಮಾರು 104 ಎಂಬಿ ಆಗುತ್ತದೆ. ನಮ್ಮ ಪುಟ ಅದಕ್ಕಿಂತ ಚಿಕ್ಕದು. (ಅದೇ ಪುಟದ ಅಕ್ಷರಗಳನ್ನು ಬೆರಳಚ್ಚಿಸಿದರೆ, ಯುನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಹಿಡಿದರೂ, ಕೆಲವೇ ಕೆಬಿ. ಈ ಅಂತರ ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.) ಮೂವತ್ತೊಂದನೆಯ ಪುಟವನ್ನು ಗಾಜಿನಿಂದ ಎತ್ತುವಾಗ ಕೆಳಗಿನ ಬಲಮೂಲೆ ಮುರಿದು ಮೇಜಿನ ಮೇಲೆ ಬಿತ್ತು. ಉಗುರಿನಷ್ಟು ಚೂರು. ಅದರ ಮೇಲೆ ಒಂದು ಸಾಲಿನ ಕೊನೆಯ ಎರಡು ಅಕ್ಷರಗಳಿದ್ದವು. ಮೇಷ್ಟ್ರು ಮಾತಾಡಲಿಲ್ಲ. ಒದ್ದೆ ಮಾಡದ ಕುಂಚದ ತುದಿಯಿಂದ ಚೂರನ್ನು ಒಂದು ಕಾಗದದ ಮೇಲೆ ಸರಿಸಿ, ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲಿನಿಂದ ‘ಪುಟ 31’ ಎಂದು ಬರೆದು ಸಂಪುಟದೊಳಗೆ ಇಟ್ಟರು. ಬೆಳಗ್ಗೆ ಸ್ಕ್ಯಾನ್ ಮಾಡಿದಾಗ ಆ ಮೂಲೆ ಇಡಿಯಾಗಿತ್ತು.

ನಮ್ಮ ಮನೆಯಲ್ಲಿ ಅಮ್ಮ ದಿನವೂ ಬೆಳಗ್ಗೆ ಸಂಪಿನ ಮುಚ್ಚಳ ತೆಗೆದು, ಬಿದಿರಿನ ಕೋಲು ಇಳಿಸಿ, ನೀರು ಎಷ್ಟಿದೆ ಎಂದು ಗಟ್ಟಿಯಾಗಿ ಹೇಳುತ್ತಾಳೆ. ಕಾವೇರಿ ನೀರು ಬಂದು ಸಂಪು ತುಂಬಿ ತುಳುಕುತ್ತಿದ್ದ ದಿನವೂ ಹೇಳುತ್ತಾಳೆ. ತುಂಬಿರುವಾಗ ಹೇಳುವುದೇಕೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. “ನಾನು ನೋಡಿದ್ದೇನೆ ಎಂದು ನಿಮಗೆ ಗೊತ್ತಾಗಲಿ ಎಂದು” ಎಂದಿದ್ದಳು. ಆ ರಾತ್ರಿ ಹಳೆಯ ಸ್ಕ್ರಿಪ್ಟನ್ನು ಬದಿಗಿಟ್ಟು ಹೊಸದನ್ನು ಬರೆಯಲು ಕೂತಾಗ ನನಗೆ ಹೊಳೆದದ್ದು ಆ ಮಾತು.

ಹೊಸ ಸ್ಕ್ರಿಪ್ಟ್ ಸರ್ವರಿನಲ್ಲಿಲ್ಲ. ಅದೇ ಕೋಣೆಯ ಕಪಾಟಿನ ಮೇಲಿದ್ದ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಲಾಗಿನ್ ಆಗಿಸುವ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಹೋಗಿ ಡಿಎಫ್ ಕೇಳಿ ಬರುತ್ತದೆ. ಸರ್ವರ್ ಉತ್ತರ ಕೊಡದಿದ್ದರೆ ಅದನ್ನೇ ಸುದ್ದಿಯಾಗಿ ಕಳಿಸುತ್ತದೆ. ಡಿಎಫ್‌ಗೆ ಪಿ ಆಯ್ಕೆ ಕೊಟ್ಟಿದ್ದೇನೆ, ಆಗ ಉತ್ತರ ಪೋಸಿಕ್ಸ್ ಎಂಬ ಮಾನದಂಡ ಗೊತ್ತುಮಾಡಿದ ರೂಪದಲ್ಲಿ, ಒಂದು ಡಿಸ್ಕಿಗೆ ಒಂದೇ ಸಾಲಿನಂತೆ ಬರುತ್ತದೆ. ಸಾಲನ್ನು ಕಂಬಗಳಾಗಿ ಬಿಡಿಸುವ ಆಕ್ ಆಜ್ಞೆಗೆ ಐದನೆಯ ಕಂಬದ ಸಂಖ್ಯೆ ಹೆಕ್ಕುವುದು ಸುಲಭ. ತಾತ್ಕಾಲಿಕ ಫೈಲು ಎಲ್ಲಿಯೂ ಇಲ್ಲ, ಒಂದು ಆಜ್ಞೆಯ ಉತ್ತರ ಪೈಪಿನ ಮೂಲಕ ಮುಂದಿನದಕ್ಕೆ ಹೋಗುತ್ತದೆ. ಕಾಲು ಗಂಟೆಗೊಮ್ಮೆ ತೆಗೆದ ಅಳತೆಯನ್ನು ಲ್ಯಾಪ್‌ಟಾಪಿನಲ್ಲಿ ಸಾಲು ಸಾಲಾಗಿ ಉಳಿಸಿ, ಏಳು ದಿನದ ಸರಾಸರಿ ಏರಿಕೆಯಿಂದ ಉಳಿದ ಜಾಗವನ್ನು ಭಾಗಿಸಿ, ಇನ್ನೆಷ್ಟು ದಿನಕ್ಕೆ ಸಾಕು ಎಂದು ಹೇಳುತ್ತದೆ. ಒಂದೇ ಗಂಟೆಯಲ್ಲಿ 5 ಜಿಬಿಗಿಂತ ಹೆಚ್ಚು ಏರಿದರೆ ಶೇಕಡಾವಾರು ಎಷ್ಟೇ ಇರಲಿ, ಆಗಲೇ ಕೂಗುತ್ತದೆ. ಐನೋಡ್ ಎಣಿಕೆಯೂ ಇದೆ. ಕೊನೆಗೆ, ಸ್ಕ್ಯಾನ್ ಫೋಲ್ಡರಿನಲ್ಲಿ ಸೊನ್ನೆ ಬೈಟಿನ ಫೈಲು ಒಂದೇ ಒಂದು ಕಂಡರೂ ಹೆಸರು ಹಿಡಿದು ತಿಳಿಸುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದು.

ಬೆಳಗ್ಗೆ ಆರಕ್ಕೆ ವರದಿ ಬಂದೇ ಬರುತ್ತದೆ, ಜಾಗ ಎಷ್ಟೇ ಇರಲಿ.

ಮೊದಲ ದಿನ ಅದೂ ಬರಲಿಲ್ಲ. ಗೊತ್ತಾದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವುದು ಕ್ರಾನ್. ಅದರ ಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿ ಶೇಕಡಾ ಚಿಹ್ನೆಗೆ ಬೇರೆ ಅರ್ಥವಿದೆ; ಅಲ್ಲಿ ಅದು ಸಾಲನ್ನು ಮುರಿಯುತ್ತದೆ. ತಾರೀಖಿಗೆಂದು ನಾನು ಬಳಸಿದ್ದ ಚಿಹ್ನೆಗೆ ಮೊದಲು ಹಿಂದಕ್ಕೆ ವಾಲಿದ ಓರೆಗೆರೆ ಹಾಕಿರಲಿಲ್ಲ. ಎರಡನೆಯ ದಿನ ಪತ್ರ ಬಂತು, ಕನ್ನಡ ಅಕ್ಷರಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ವರದಿ ಕನ್ನಡದಲ್ಲಿರಬೇಕು, ತಮಗೂ ಕಳಿಸಬೇಕು ಎಂದು ಮೇಷ್ಟ್ರು ಕೇಳಿದ್ದರು. ನಾವು ಲಾಗಿನ್ ಆದಾಗ ಸಿಗುವ ಭಾಷೆಯ ಹೊಂದಿಕೆ ಕ್ರಾನ್‌ಗೆ ಸಿಗುವುದಿಲ್ಲ. ಯುಟಿಎಫ್-8 ಎಂದು ಸ್ಕ್ರಿಪ್ಟಿನ ಮೊದಲಲ್ಲೇ ಹೇಳಿದ ಮೇಲೆ ಸರಿಹೋಯಿತು. ಮೂರನೆಯ ಬೆಳಗ್ಗೆ ಮೇಷ್ಟ್ರ ಮೊಬೈಲಿಗೆ ಈ ಸಾಲು ಹೋಯಿತು: ‘ಡಿಸ್ಕ್ ಶೇಕಡಾ 63 ತುಂಬಿದೆ. ಈ ವೇಗದಲ್ಲಿ 58 ದಿನಕ್ಕೆ ಸಾಕು. ಖಾಲಿ ಫೈಲು ಇಲ್ಲ.’

ಅವರು ಅದನ್ನು ದಿನವೂ ಓದುತ್ತಾರೆ. ಭಾನುವಾರಗಳಂದು ಸ್ಕ್ಯಾನರಿನ ಮುಚ್ಚಳ ಎತ್ತುವ ಮೊದಲು ಮೊಬೈಲ್ ತೆಗೆದು ಮೂರೂ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಕೈ ತೊಳೆದು ಒರೆಸಿಕೊಂಡು ಬರುತ್ತಾರೆ.

ಜನವರಿಯ ಒಂದು ಗುರುವಾರ ರಾತ್ರಿ ಚಾಮರಾಜಪೇಟೆಯಲ್ಲಿ ಕರೆಂಟು ಹೋಗಿ ಬಹಳ ಹೊತ್ತು ಬರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಅದೂ ಆರಿಹೋಯಿತು. ನನಗೆ ಇದೊಂದೂ ಗೊತ್ತಿರಲಿಲ್ಲ, ಇನ್ನೂ ಮಲಗಿದ್ದೆ. ಆರು ಇಪ್ಪತ್ತಕ್ಕೆ ಮೊಬೈಲ್ ಬಡಿದುಕೊಂಡಿತು.

“ಇವತ್ತು ಪತ್ರ ಬಂದಿಲ್ಲ” ಎಂದರು ಮೇಷ್ಟ್ರು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ.